ಕಾಲು ಚಾಚುವ ಕುರ್ಚಿ

ಎರಡು ಜುಟ್ಟು ಒಂದು ಕಡೆ ಇರಬಹುದು, ಎರಡು ಜಡೆ ಇರಲಾರವು ಎಂದು ಗಾದೆ ಕಟ್ಟಿದವನು ಗಂಡಸೇ ಇರಬೇಕು. ಹೆಂಗಸಾಗಿದ್ದರೆ ಜಗಳ ಶುರುಮಾಡಿದ್ದು ಯಾರು ಎಂಬುದನ್ನೂ ಸೇರಿಸಿಯೇ ಕಟ್ಟುತ್ತಿದ್ದಳು. ನನ್ನ ಮತ್ತು ನನ್ನ ಓರಗಿತ್ತಿಯ ವಿಷಯದಲ್ಲಿ ಶುರುಮಾಡಿದವಳು ಅವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇಕಾದರೆ ಮಾತು ಬದಲಾಯಿಸುತ್ತೇನೆ.

ಅವಳು ನನ್ನ ಮೈದುನನ ಹೆಂಡತಿ. ಮನೆ ಒಂದೇ. ಕೆಳಗೆ ನಾವು, ಮೇಲೆ ಅವರು, ನಡುವೆ ಮೆಟ್ಟಿಲು. ಕೆಲಸವೂ ಒಂದೇ ಆಸ್ಪತ್ರೆಯಲ್ಲಿ. ಮೂರನೇ ಮಹಡಿಯ ಸಫಾಯಿ ತಂಡಕ್ಕೆ ನಾನು ಮುಂದಾಳು, ನಾಲ್ಕನೆಯದಕ್ಕೆ ಅವಳು. ವಾರ್ಡು ಗುಡಿಸಿ ಒರೆಸುವುದು, ಕಸದ ಚೀಲ ಕಟ್ಟುವುದು, ಗಾಡಿಯಲ್ಲಿ ಹೇರಿ ನೆಲಮಾಳಿಗೆಯ ಕಸದ ಕೋಣೆಗೆ ಇಳಿಸುವುದು, ಇಷ್ಟೇ ನಮ್ಮ ಕೆಲಸ. ಕೇಳುವುದಕ್ಕೆ ಇಷ್ಟೇ. ಒಂದು ವಾರ ಮಾಡಿ ನೋಡಿ, ಸೊಂಟ ತಾನೇ ಮಾತಾಡುತ್ತದೆ.

ಅಲ್ಲಿ ನನಗೆ 'ಸಿಡಿಮಿಡಿ' ಎಂದು ಹೆಸರು. ಎದುರಿಗಾದರೆ 'ಸಿಡಿಮಿಡಿ ಅಕ್ಕ'. ಅವಳಿಗೆ 'ಒಂದೇ ಸುತ್ತು' ಎಂದು ಹೆಸರು. ಬೇರೆಯವರು ಎರಡು ಮೂರು ಸಲ ಗಾಡಿ ತಳ್ಳಿ ಇಳಿಸುವ ಕಸವನ್ನು ಅವಳು ಒಂದೇ ಸುತ್ತಿನಲ್ಲಿ ಇಳಿಸಿ ಸೆರಗು ಕೊಡವಿಕೊಂಡು ನಿಲ್ಲುತ್ತಿದ್ದಳು. ಗುಟ್ಟೇನೂ ಇಲ್ಲ. ದಿಂಬಿಗೆ ಹತ್ತಿ ತುರುಕಿದ ಹಾಗೆ ಚೀಲವನ್ನು ಅಂಗೈಯಿಂದ ಒತ್ತಿ ಒತ್ತಿ ತುಂಬುತ್ತಿದ್ದಳು, ಮೊಣಕಾಲು ಕೊಟ್ಟು ಬಾಯಿ ಕಟ್ಟುತ್ತಿದ್ದಳು. ಮುಕ್ಕಾಲು ತುಂಬಿದರೆ ಕಟ್ಟಿಬಿಡಿ, ಒತ್ತಬೇಡಿ, ಕುತ್ತಿಗೆ ಹಿಡಿದು ಮೈಯಿಂದ ದೂರ ಎತ್ತಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಎಲ್ಲರೂ ತಲೆಯಾಡಿಸಿದ್ದೆವು. ತಲೆಯಾಡಿಸುವುದಕ್ಕೆ ಖರ್ಚೇನು?

ಜಗಳ ಹುಟ್ಟಿದ್ದು ನನ್ನ ಹೊಲಿಗೆ ಯಂತ್ರದಿಂದ. ಕಿಟಕಿ ಪರದೆ ಹೊಲಿಯಬೇಕೆಂದು ಅವಳು ಅದನ್ನು ಮೇಲಕ್ಕೆ ಒಯ್ದಳು. ಒರೆಸಿ, ಎಣ್ಣೆ ಬಿಟ್ಟು, ಹೊಸದರ ಹಾಗೆ ವಾಪಸ್ ತಂದಿಟ್ಟಳು. ಎರಡು ದಿನ ಬಿಟ್ಟು ನಾನು ಕೂತು ನೋಡಿದರೆ ಸೂಜಿ ಅರ್ಧಕ್ಕೆ ಮುರಿದಿದೆ, ಉಳಿದರ್ಧ ನಾಪತ್ತೆ. ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದೆ. ಕೇಳಿದೆ ಎಂದರೆ, ಬೀದಿಯ ಕೊನೇ ಮನೆಯವರೂ ಉತ್ತರ ಕೊಡಬಹುದಾದ ಹಾಗೆ ಕೇಳಿದೆ.

"ನಾನು ಕೊಟ್ಟಾಗ ಸರಿಯಾಗೇ ಇತ್ತು" ಎಂದಳು ಮೇಲಿನಿಂದ.

"ಹಾಗಾದ್ರೆ ಸೂಜಿಗೆ ಜೀವನ ಬೇಜಾರಾಗಿ ತಾನೇ ಮುರ್ಕೊಳ್ತಾ?"

"ಒಂದು ಸೂಜಿಗೆ ಇಷ್ಟು ಬಾಯಾ? ಇನ್ಮೇಲೆ ನಿನ್ನ ಹತ್ರ ಮಾತಾಡಿದ್ರೆ ಕೇಳು!"

"ಮಾತಾಡ್ಬೇಡ! ಯಾರು ಮೊದ್ಲು ಬಾಯಿ ಬಿಡ್ತಾರೋ ಅವರು ಸೋತ ಹಾಗೆ!"

ಮೇಲೊಂದು ಬಾಗಿಲು ಬಡಿಯಿತು, ಕೆಳಗೊಂದು ಬಾಗಿಲು ಬಡಿಯಿತು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮಿಬ್ಬರಿಗೂ ಮಾತು ಚೆನ್ನಾಗಿಯೇ ಬರುತ್ತಿತ್ತು, ಅದಕ್ಕೇ ಜಗಳ ತಿಂಗಳುಗಟ್ಟಲೆ ನಡೆಯಿತು. ಅವಳ ಬಾಯಲ್ಲಿ 'ಅಕ್ಕಾ' ಎಂಬ ಪದ ಅವತ್ತೇ ಕೊನೆ. ಅವಳ ಪುಟ್ಟ ಮಗಳು ಮಾತ್ರ ದಿನಾ ಬೆಳಿಗ್ಗೆ ಬಾಚಣಿಗೆ ಹಿಡಿದು ಕೆಳಗಿಳಿದು ಬರುತ್ತಿದ್ದಳು. ದೊಡ್ಡಮ್ಮನೇ ತಲೆ ಬಾಚಬೇಕು, ಅಮ್ಮ ಬಾಚಿದರೆ ನೋಯುತ್ತದಂತೆ. ನಾನು ಬಾಚಿ, ಹೆಣೆದು, ಮೇಲಕ್ಕೆ ಕಳಿಸುತ್ತಿದ್ದೆ. ಮಕ್ಕಳ ಮೇಲೆ ಯಾಕೆ ಕೋಪ?

ಆಸ್ಪತ್ರೆಯಲ್ಲಿ ನಮ್ಮಿಬ್ಬರ ನಡುವೆ ಸಿಕ್ಕಿಕೊಂಡವನು ಲಿಫ್ಟಣ್ಣ, ಕಸದ ಗಾಡಿಗಳ ಲಿಫ್ಟು ಓಡಿಸುವವನು. ಒಳಗೆ ನಾವಿಬ್ಬರು, ಎರಡು ಗಾಡಿ, ನಡುವೆ ಅವನು.

"ಲಿಫ್ಟಣ್ಣ, ಗಾಡಿ ಪಕ್ಕಕ್ಕೆ ಸರಿಸ್ಕೊಳ್ಳೋಕೆ ಹೇಳು ಕೆಲವರಿಗೆ" ಎನ್ನುತ್ತಿದ್ದೆ ನಾನು.

"ಲಿಫ್ಟಣ್ಣ, ಕೆಲವರು ಮೈ ಸ್ವಲ್ಪ ಒಳಗೆಳ್ಕೊಂಡ್ರೆ ಜಾಗ ತಾನೇ ಆಗುತ್ತೆ ಅಂತ ಹೇಳು" ಎನ್ನುತ್ತಿದ್ದಳು ಅವಳು.

"ಹೇಳ್ದೆ ಅಂತ ಇಟ್ಕೊಳ್ರಮ್ಮಾ" ಎಂದು ಅವನು ಗುಂಡಿ ಒತ್ತುತ್ತಿದ್ದ.

ಇಂಥ ಹೊತ್ತಿನಲ್ಲೇ ಕುರ್ಚಿ ಬಂದದ್ದು. ವಿಶೇಷ ಕೋಣೆಯೊಂದಕ್ಕೆ ಹೊಸ ಕುರ್ಚಿ ಬಂದು, ಹಳೆಯದನ್ನು ನಮಗೆ ಬಿಟ್ಟುಕೊಟ್ಟರು. ಹಳೆಯದು ಎಂದರೆ ನಿಮ್ಮ ನಮ್ಮ ಮನೆಯ ಹೊಸದಕ್ಕಿಂತ ಹೊಸದು. ಮೆತ್ತನೆಯ ಕಂದು ಬಣ್ಣದ ಕುರ್ಚಿ. ಪಕ್ಕದಲ್ಲೊಂದು ಹಿಡಿ, ಅದನ್ನು ಎಳೆದರೆ ಬೆನ್ನು ಹಿಂದಕ್ಕೆ ಹೋಗಿ, ಕಾಲ ಕೆಳಗಿನಿಂದ ಹಲಗೆ ಎದ್ದು ಬಂದು ಕಾಲನ್ನು ಮೇಲೆತ್ತುತ್ತದೆ. ಇಡೀ ದಿನ ನಿಂತು ಮಾಪ್ ಎಳೆಯುವವರಿಗೆ ಇನ್ನೇನು ಬೇಕು? ಕಣ್ಣಲ್ಲಿ ನೀರು ಬರಿಸುವಂಥ ಕುರ್ಚಿ ಸ್ವಾಮಿ ಅದು.

ಇದ್ದದ್ದು ಒಂದೇ, ಮಹಡಿಗಳು ನಾಲ್ಕು. ನಮ್ಮ ಸೂಪರ್‌ವೈಸರ್ ಒಳ್ಳೆಯ ಮನುಷ್ಯ, ಕೆಟ್ಟದ್ದು ಯೋಚಿಸಲು ಬಾರದು. ಆದರೆ ಒಳ್ಳೆಯದನ್ನು ಯೋಚಿಸುವಾಗ ತುಂಬಾ ಬೇಗ ಯೋಚಿಸುತ್ತಾನೆ. ತನ್ನ ಕೋಣೆಯ ಹೊರಗೆ ನಾಲ್ಕು ಮೊಳೆ ಹೊಡೆದು ನಾಲ್ಕು ಹಲಗೆ ನೇತುಹಾಕಿದ. ಒಂದು ಮೈ ಹಸಿರು, ಇನ್ನೊಂದು ಮೈ ಕೆಂಪು. ಯಾವ ಮಹಡಿಯಲ್ಲಿ ಯಾರಿಗೂ ಸೂಜಿ ಚುಚ್ಚುವುದಿಲ್ಲವೋ, ಯಾರೂ ಜಾರಿ ಬೀಳುವುದಿಲ್ಲವೋ, ಯಾರ ಕಣ್ಣಿಗೂ ಬ್ಲೀಚಿಂಗ್ ನೀರು ಸಿಡಿಯುವುದಿಲ್ಲವೋ ಆ ಮಹಡಿಗೆ ಹಸಿರು. ಒಂದು ಪೆಟ್ಟಾದರೂ ಹಲಗೆ ಕೆಂಪಿಗೆ ತಿರುಗುತ್ತದೆ. ಹಸಿರು ಉಳಿಸಿಕೊಂಡವರ ವಿಶ್ರಾಂತಿ ಕೋಣೆಗೆ ಕುರ್ಚಿ.

"ಸುರಕ್ಷತೆ ನಿಮ್ಮ ಕೈಯಲ್ಲೇ ಇದೆ" ಎಂದು ಭಾಷಣವನ್ನೂ ಮಾಡಿದ. ಪ್ಲಾಸ್ಟಿಕ್ ಹೊದಿಸಿದ ಕುರ್ಚಿ ಹಲಗೆಗಳ ಕೆಳಗೇ ಕೂತಿತ್ತು. ಹೋಗುತ್ತಾ ಬರುತ್ತಾ ಎಲ್ಲರೂ ಅದನ್ನೊಮ್ಮೆ ಸವರುತ್ತಿದ್ದರು.

ಮೊದಲ ಮಹಡಿಯಲ್ಲಿ ಒಬ್ಬ ಒದ್ದೆ ನೆಲದಲ್ಲಿ ಎಲ್ಲರೆದುರೇ ಅಂಗಾತ ಬಿದ್ದ, ಅದು ಕೆಂಪಾಯಿತು. ಎರಡನೆಯದು ಬ್ಲೀಚಿಂಗ್ ನೀರಿಗೆ ಕೆಂಪಾಯಿತು. ಉಳಿದದ್ದು ಮೂರು ಮತ್ತು ನಾಲ್ಕು. ಅಂದರೆ ನಾನು ಮತ್ತು ಅವಳು. ಎತ್ತು ಏರಿಗೆ, ಕೋಣ ನೀರಿಗೆ. ಯಾರು ಎತ್ತು, ಯಾರು ಕೋಣ ಎಂದು ನೀವೇ ಹೇಳಿ.

ಇಡೀ ಆಸ್ಪತ್ರೆಯಲ್ಲಿ ಈ ಹಸಿರು ನೋಡಿ ಖುಷಿಪಡದವಳು ಒಬ್ಬಳೇ, ಸೋಪು ಸಿಸ್ಟರ್. ಸೋಂಕು ಹರಡದ ಹಾಗೆ ನೋಡಿಕೊಳ್ಳುವ ನರ್ಸು ಆಕೆ. ಎದುರು ಸಿಕ್ಕವರನ್ನೆಲ್ಲಾ "ಕೈ ತೊಳೆದ್ರಾ?" ಎಂದು ಕೇಳಿಯೇ ಮುಂದೆ ಹೋಗುವುದರಿಂದ ಆ ಹೆಸರು.

"ಇಷ್ಟು ದಿನದಿಂದ ಒಬ್ರಿಗೂ ಒಂದು ಸೂಜಿ ಚುಚ್ಚಿಲ್ಲ ಅಂತೀರಲ್ಲ, ನಾನು ಖುಷಿಪಡಬೇಕೋ ಹೆದರಬೇಕೋ ಗೊತ್ತಾಗ್ತಿಲ್ಲ" ಎಂದಳು ಒಂದು ದಿನ. "ಚುಚ್ಚಿದ್ರೆ ನಲ್ಲಿ ನೀರು, ಸೋಪು, ಆಮೇಲೆ ನೇರ ನನ್ನ ಹತ್ರ. ಮದ್ದು ಎಷ್ಟು ಬೇಗ ಹೊಟ್ಟೆಗೆ ಹೋಗುತ್ತೋ ಅಷ್ಟು ಒಳ್ಳೇದು, ಗಂಟೆಗಳ ಲೆಕ್ಕ ಅದು. ಮರೀಬೇಡಿ."

ನಾವು ಮತ್ತೆ ತಲೆಯಾಡಿಸಿದೆವು.

ಕುರ್ಚಿ ಕೊಡುವ ದಿನ ಬಂತು. ಮಧ್ಯಾಹ್ನದ ಟೀ ಹೊತ್ತಿಗೆ ಎಲ್ಲರೂ ಹಲಗೆಗಳ ಹತ್ತಿರ ಸೇರಬೇಕು. ಇಬ್ಬರೂ ಹಸಿರೇ ಇದ್ದರೆ ಚೀಟಿ ಎತ್ತುತ್ತೇವೆ ಎಂದಿದ್ದ ಸೂಪರ್‌ವೈಸರ್. ನಾನು ಬೆಳಿಗ್ಗೆಯೇ ನನ್ನ ತಂಡದವರಿಗೆ, ಕುರ್ಚಿಯನ್ನು ಕಿಟಕಿ ಪಕ್ಕ ಹಾಕೋಣ, ಮೊದಲು ನಾನು ಕೂರುತ್ತೇನೆ, ತಂಟೆ ಮಾಡಬೇಡಿ ಎಂದು ಹೇಳಿಯಾಗಿತ್ತು.

ಊಟ ಮುಗಿಸಿ ನನ್ನ ಚೀಲಗಳನ್ನು ಇಳಿಸಿ, ಕಸದ ಕೋಣೆಯ ಮೂಲೆಯ ನಲ್ಲಿಯಲ್ಲಿ ರಬ್ಬರ್ ಗ್ಲೌಸ್ ತೊಳೆಯುತ್ತಿದ್ದೆ. ಲಿಫ್ಟಿನ ಬಾಗಿಲು ತೆರೆದು ಅವಳ ಗಾಡಿ ಬಂತು. ಗಾಡಿ ಎಂದರೆ ಗುಡ್ಡ. ಅವಳ ಕೈಯಲ್ಲಿ ವಾರ್ಡಿನ ತೆಳು ಗ್ಲೌಸ್. ದಪ್ಪದ್ದು ಹಾಕಿಕೊಂಡರೆ ಕೈ ಓಡುವುದಿಲ್ಲ ಎನ್ನುವ ಪೈಕಿ ಅವಳು. ಚೀಲಗಳನ್ನು ದೊಡ್ಡ ಡಬ್ಬಕ್ಕೆ ಎಸೆದಳು. ಕೊನೆಯದು ಹಿಡಿಸಲಿಲ್ಲ. ಅಂಗೈ ಇಟ್ಟು ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಆಮೇಲೆ "ಹ್ಞಾ" ಎಂದು ಕೈ ಹಿಂದಕ್ಕೆಳೆದುಕೊಂಡಳು.

ಗ್ಲೌಸ್ ಕಿತ್ತು ನೋಡಿದಳು. ಹೆಬ್ಬೆರಳ ಬುಡದಲ್ಲಿ ಸಾಸಿವೆಯಷ್ಟು ರಕ್ತ. ನಾನಿರುವುದನ್ನು ಮರೆತಿದ್ದಳೋ ಏನೋ, ಕೈಯನ್ನು ಬಾಯಿಗೆ ಒಯ್ದಳು.

"ಬಾಯಿಗಿಡಬೇಡ್ವೇ! ತೆಗಿ! ತೆಗಿ ಅಂದೆ!"

ಇಡೀ ಕೋಣೆ ಗುಂಯ್ ಎಂದಿತು. ಅವಳು ಬೆಚ್ಚಿಬಿದ್ದು ಕೈ ಕೆಳಗಿಳಿಸಿದಳು. ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಆದರೂ ನೋಡಿ ಆ ಹೆಂಗಸಿನ ಹಟ.

"ಮಾತಾಡ್ದೆ! ನೀನೇ ಮೊದ್ಲು ಮಾತಾಡ್ದೆ! ಸೋತೆ!"

"ಸೋತೆ ಕಣೇ, ಸಾವಿರ ಸಲ ಸೋತೆ. ಮೊದ್ಲು ನಲ್ಲಿ ಹತ್ರ ಸಾಯಿ ಬಾ!"

ಸಾಯಿ ಎಂದು ಬಾಯಿ ತಪ್ಪಿ ಬಂತು. ನಾಲಿಗೆ ಕಚ್ಚಿಕೊಂಡೆ. ಅವಳ ಕೈ ಹಿಡಿದೆಳೆದು ನೀರು ಬಿಟ್ಟು ಸೋಪು ಹಚ್ಚಿದೆ. ಅವಳು ಗಾಯ ಹಿಂಡಲು ಹೋದಳು. "ಹಿಂಡಬಾರದು, ನೀರು ಸುಮ್ನೆ ಹರೀಲಿ" ಎಂದು ಬೆರಳಿಗೊಂದು ಏಟು ಕೊಟ್ಟೆ. ಎಷ್ಟೋ ತಿಂಗಳ ಮೇಲೆ ಆ ಕೈ ಮುಟ್ಟಿದ್ದು. ತಣ್ಣಗಿತ್ತು. ಚೀಲ ನೋಡಿದೆ. ಪ್ಲಾಸ್ಟಿಕ್ಕಿನಿಂದ ಸೂಜಿಯ ಮೂತಿ ಹೊರಗೆ ಇಣುಕುತ್ತಿತ್ತು. ಸೂಜಿ ಹಾಕಲೆಂದೇ ಗಟ್ಟಿ ಡಬ್ಬ ಇರುತ್ತದೆ. ಯಾರೋ ಆತುರದಲ್ಲಿ ಚೀಲಕ್ಕೆ ಎಸೆದಿದ್ದರು. ಯಾವ ರೋಗಿಗೆ ಚುಚ್ಚಿದ್ದೋ, ಆ ರಕ್ತದಲ್ಲಿ ಏನಿತ್ತೋ.

"ನಡಿ, ಸೋಪು ಸಿಸ್ಟರ್ ಹತ್ರ."

"ಇಲ್ಲ. ನಾಳೆ ಬೆಳಿಗ್ಗೆ ಹೋಗ್ತೀನಿ. ಕುರ್ಚಿ ಬರಲಿ."

"ತಲೆ ನೆಟ್ಟಗಿದೆಯಾ ನಿನಗೆ? ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡ್ತೀಯಾ?"

"ನಮ್ಮ ಹಿರಿಯಮ್ಮನ ಕಾಲು ನೋಡಿದ್ದೀಯಾ ನೀನು?" ಎಂದಳು. ಹಿರಿಯಮ್ಮ ಎಂದರೆ ಅವಳ ತಂಡದ ವಯಸ್ಸಾದ ಹೆಂಗಸು. "ಸಾಯಂಕಾಲದ ಹೊತ್ತಿಗೆ ಊದಿಕೊಂಡು ಚಪ್ಪಲಿಗೇ ಹೋಗಲ್ಲ. ಕುರ್ಚಿ ತಂದೇ ತರ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಚೀಟಿ ಎತ್ತಿದ್ರೆ ಅರ್ಧ ಅವಕಾಶ ನಮಗೂ ಇದೆ."

"ನೀನು ಹೋಗದಿದ್ರೆ ನಾನೇ ಹೋಗಿ ಹೇಳ್ತೀನಿ."

"ಹೇಳು! ಕುರ್ಚಿ ಆಸೆಗೆ ಓರಗಿತ್ತೀನ ಸಿಕ್ಕಿಹಾಕಿಸಿದ್ಳು ಅಂತ ಇಡೀ ಆಸ್ಪತ್ರೆ ಮಾತಾಡುತ್ತೆ. ನಾನು ಬಟ್ಟೆ ಪಿನ್ನು ಚುಚ್ಚಿದ್ದು ಅಂತೀನಿ. ಯಾರನ್ನ ನಂಬ್ತಾರೆ? ನಮ್ಮ ಜಗಳ ಗೊತ್ತಿಲ್ಲದವರು ಯಾರಿದ್ದಾರೆ ಇಲ್ಲಿ?"

ಮಾತು ಸರಿಯಾಗಿಯೇ ಇತ್ತು. ಅದೇ ಇನ್ನಷ್ಟು ಸಿಟ್ಟು ಬರಿಸಿತು. ನನಗೆ ಭಯವಾಗಿತ್ತು, ಇದನ್ನು ಮುಚ್ಚಿಟ್ಟು ಏನಾಗಬೇಕು? ಬೆಳಿಗ್ಗೆ ಬಾಚಣಿಗೆ ಹಿಡಿದು ಇಳಿದು ಬರುವ ಆ ಪುಟ್ಟ ತಲೆ ಕಣ್ಣ ಮುಂದೆ ಬಂತು. ಇವಳಿಗೆ ಏನಾದರೂ ಆದರೆ ಅದಕ್ಕೆ ಏನೆಂದು ಹೇಳಲಿ? ನಿಮ್ಮಮ್ಮ ಕುರ್ಚಿಗಾಗಿ ಕಾದಳು, ನಾನು ಜನ ಏನೆಂದಾರೋ ಎಂದು ಸುಮ್ಮನಿದ್ದೆ ಎನ್ನಲೇ?

ಗ್ಲೌಸನ್ನು ಅಲ್ಲೇ ಬಿಸಾಕಿ ಲಿಫ್ಟಿಗೆ ನಡೆದೆ. ಅವಳು ಹಿಂದೆಯೇ ಓಡಿಬಂದಳು.

"ಏನು ಮಾಡ್ತೀಯಾ? ಹೇಳು, ಏನು ಮಾಡ್ತೀಯಾ ಈಗ?"

"ನನ್ನಿಷ್ಟ!"

ಲಿಫ್ಟಣ್ಣ ನಮ್ಮಿಬ್ಬರ ಮುಖವನ್ನೂ ನೋಡಿದ. "ನೇರವಾಗೇ ಬೈದಾಡ್ತಿದ್ದೀರಾ? ಅಬ್ಬ, ದೇವರೇ! ನನಗಿನ್ನು ಬರೀ ಲಿಫ್ಟು ಓಡಿಸೋ ಕೆಲ್ಸಾನಾ?" ಎಂದ.

"ಮುಚ್ಕೊಂಡು ಗುಂಡಿ ಒತ್ತು!" ಎಂದೆವು ಇಬ್ಬರೂ ಒಟ್ಟಿಗೆ.

ಮೇಲೆ ಆಗಲೇ ಜನ ಸೇರಿದ್ದರು. ಟೀ ಕ್ಯಾನು ಬಂದಿತ್ತು. ಕುರ್ಚಿಯ ಪ್ಲಾಸ್ಟಿಕ್ ತೆಗೆದಿದ್ದರು. ಹಿರಿಯಮ್ಮ ಗೋಡೆಗೆ ಒರಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತಿದ್ದಳು. ಸೋಪು ಸಿಸ್ಟರ್ ಒಂದು ಪಕ್ಕ ಕೈಕಟ್ಟಿ ನಿಂತಿದ್ದಳು. ನಾನು ಯಾರನ್ನೂ ನೋಡದೆ ನೇರ ಹಲಗೆಗಳ ಕಡೆ ನುಗ್ಗಿದೆ.

ನನ್ನ ಓರಗಿತ್ತಿ ನನ್ನನ್ನು ದಾಟಿ ಓಡಿದಳು. ಓಡಿ ತನ್ನ ಹಲಗೆಗೆ ಬೆನ್ನು ಕೊಟ್ಟು, ಎರಡು ಕೈ ಚಾಚಿ ನಿಂತಳು. ಮರಿ ಕಾಯುವ ಕೋಳಿ ಕೂಡ ಹಾಗೆ ನಿಲ್ಲಲಾರದು.

"ಮುಟ್ಟಿ ನೋಡು ಇದನ್ನ!" ಎಂದಳು.

ನಾನು ಅದನ್ನು ಮುಟ್ಟಲಿಲ್ಲ. ಪಕ್ಕದ ಮೊಳೆಯಿಂದ ನನ್ನ ಹಲಗೆಯನ್ನು ತೆಗೆದೆ, ತಿರುಗಿಸಿದೆ, ನೇತುಹಾಕಿದೆ. ಮೂರನೇ ಮಹಡಿ, ಕೆಂಪು.

ಸೂಪರ್‌ವೈಸರ್ ಕೈಯಲ್ಲಿದ್ದ ಟೀ ಕಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ಮೇಲೇ ಇಟ್ಟ.

"ಯಾರಿಗಮ್ಮಾ ಏನಾಯ್ತು?"

"ನನ್ನ ಮಹಡೀಲಿ ಯಾರಿಗೂ ಏನೂ ಆಗಿಲ್ಲ ಸರ್. ನನ್ನ ಹಲಗೆ, ನಾನೇ ತಿರುಗಿಸ್ದೆ."

"ಅಕ್ಕಾ, ಹುಚ್ಚಾ ನಿಮಗೆ?" ಎಂದು ಕೂಗಿದರು ನನ್ನ ತಂಡದವರು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿದ್ದೆನಲ್ಲ, ಕೂಗದೆ ಏನು ಮಾಡುತ್ತಾರೆ?

ನಾನು ಓರಗಿತ್ತಿಯ ಕಡೆ ತಿರುಗಿದೆ. ಧ್ವನಿ ತಗ್ಗಿಸಬೇಕು ಎಂದುಕೊಂಡೆ. ನನ್ನ ಧ್ವನಿ ಯಾವತ್ತು ನನ್ನ ಮಾತು ಕೇಳಿದೆ?

"ತಗೋ, ಈಗ ಚೀಟಿ ಗೀಟಿ ಏನೂ ಇಲ್ಲ. ಕುರ್ಚಿ ನಿಂದೇ. ಕುರ್ಚಿಗೋಸ್ಕರ ಹೇಳಿದ್ಳು ಅಂತ ಇನ್ನು ಯಾರೂ ಅನ್ನೋಹಾಗಿಲ್ಲ. ನನಗೆ ಕುರ್ಚಿ ಬೇಡ ಕಣೇ, ನೀನು ಬೇಕು! ನಾಳೆ ಜಗಳ ಆಡೋಕಾದ್ರೂ ನೀನು ಬೇಕು!"

ಹೇಳಿದ ಮೇಲೆ ಅಳು ಬಂತು. ಸಿಟ್ಟಿನಲ್ಲೇ ಅತ್ತೆ, ನನಗೆ ಬೇರೆ ಥರ ಅಳಲು ಬರುವುದಿಲ್ಲ.

ಅವಳು ಚಾಚಿದ ಕೈ ಹಾಗೇ ಇತ್ತು. ಮೆಲ್ಲಗೆ ಇಳಿಯಿತು. ಹಿರಿಯಮ್ಮನ ಕಡೆ ನೋಡಿದಳು, "ತಪ್ಪು ತಿಳೀಬೇಡಿ" ಎನ್ನುವ ಹಾಗೆ. ಆಮೇಲೆ ತಿರುಗಿ, ತನ್ನ ಹಲಗೆಯನ್ನು ತಾನೇ ತೆಗೆದು ಕೆಂಪು ಮಾಡಿದಳು. ಮುಷ್ಟಿ ಬಿಚ್ಚಿ ಸೋಪು ಸಿಸ್ಟರಿಗೆ ತೋರಿಸಿದಳು.

"ಈಗಷ್ಟೇ ಚುಚ್ಚಿತು ಸಿಸ್ಟರ್. ಚೀಲ ಒತ್ತುತ್ತಿದ್ದೆ. ಯಾರ ಸೂಜಿಯೋ ಗೊತ್ತಿಲ್ಲ."

ಸಿಸ್ಟರ್ ಒಂದು ಮಾತೂ ಬೈಯಲಿಲ್ಲ. "ತೊಳೆದ್ರಾ?" ಎಂದಳು. ಹೂಂ ಎಂದ ತಕ್ಷಣ ಭುಜ ಹಿಡಿದು ಕರೆದುಕೊಂಡು ಹೊರಟಳು. ಆಗ ಹಿರಿಯಮ್ಮ ಕೆಮ್ಮಿದಳು.

"ಸಿಸ್ಟರ್, ಈಗಲೇ ಹೇಳಿಬಿಡ್ತೀನಿ. ಹೋದ ತಿಂಗಳು ನನಗೂ ಚುಚ್ಚಿತ್ತು. ಈ ಮಗು ಕುರ್ಚಿ ತರ್ತೀನಿ ಅಂತ ಒದ್ದಾಡ್ತಿತ್ತು, ಹೇಳೋಕೆ ಬಾಯಿ ಬರ್ಲಿಲ್ಲ."

"ನನಗೂ" ಎಂದಿತು ಇನ್ನೊಂದು ದನಿ. ನೋಡಿದರೆ ನನ್ನ ತಂಡದವಳೇ! ಈಗಷ್ಟೇ ನನಗೆ ಹುಚ್ಚೇ ಎಂದು ಕೂಗಿದವಳು. "ಡ್ರೆಸ್ಸಿಂಗ್ ರೂಮಿನ ಚೀಲ ಎತ್ತುವಾಗ. ನಿಮಗೆ ಹೇಳೋಕೆ ಹೆದರಿಕೆ ಆಯ್ತು ಅಕ್ಕಾ."

"ಹಾಗಾದ್ರೆ ನನ್ನ ಹಲಗೆ ಮೊದಲೇ ಕೆಂಪಾಗಿರಬೇಕಿತ್ತಲ್ಲೇ!"

"ಹೂಂ ಅಕ್ಕಾ. ನೀವು ಸರಿಯಾಗೇ ತಿರುಗಿಸಿದ್ರಿ."

ಯಾರೋ ಕಿಸಕ್ಕೆಂದರು. ಆಮೇಲೆ ತಡೆಯಲಾಗಲಿಲ್ಲ. ಇಡೀ ಕಾರಿಡಾರು ನಕ್ಕಿತು, ನಗುನಗುತ್ತಲೇ ಒಬ್ಬೊಬ್ಬರೂ ಬಾಯಿ ಬಿಟ್ಟರು. ಒಬ್ಬನ ಸೊಂಟ ಹಿಡಿದಿತ್ತು, ಒಬ್ಬಳ ಕೈ ಬ್ಲೀಚಿಂಗಿಗೆ ಸುಟ್ಟಿತ್ತು. ಲಿಫ್ಟಣ್ಣನಿಗೆ ಬಾಗಿಲಲ್ಲಿ ಬೆರಳು ಸಿಕ್ಕು ಉಗುರು ಕಪ್ಪಾಗಿ ಒಂದು ವಾರವಾಗಿತ್ತು. ಸೋಪು ಸಿಸ್ಟರ್ ಮುಂದೆ, ಹಿಂದೆ ಮೆರವಣಿಗೆ. ಸೂಪರ್‌ವೈಸರ್ ಖಾಲಿ ಕಾರಿಡಾರಿನಲ್ಲಿ ನಾಲ್ಕು ಕೆಂಪು ಹಲಗೆ ನೋಡುತ್ತಾ ನಿಂತಿದ್ದವನು, "ನಾನು ಒಳ್ಳೇದಕ್ಕೇ ಮಾಡಿದ್ದು" ಎಂದು ತನಗೆ ತಾನೇ ಹೇಳಿಕೊಂಡ. ಮೊಳೆಗಳನ್ನು ಕೀಳಲು ಸುತ್ತಿಗೆ ತರಿಸಿದವನೂ ಅವನೇ. ಆ ಮಟ್ಟಿಗೆ ಅವನನ್ನು ಮೆಚ್ಚಬೇಕು.

ಹಿಂದೆ ಚುಚ್ಚಿಸಿಕೊಂಡವರ ಜೊತೆ ನನ್ನ ಓರಗಿತ್ತಿಯ ರಕ್ತವನ್ನೂ ತೆಗೆದುಕೊಂಡರು. ಟೀ ಆರುವ ಮೊದಲೇ ಮೊದಲ ಮಾತ್ರೆ ಅವಳ ಹೊಟ್ಟೆ ಸೇರಿತ್ತು. ಒಂದು ತಿಂಗಳು ಮಾತ್ರೆ ತಪ್ಪಿಸಬಾರದು, ಆಮೇಲೆ ಬಿಟ್ಟು ಬಿಟ್ಟು ಪರೀಕ್ಷೆ. ಎಲ್ಲ ಮುಗಿದ ಮೇಲೆಯೇ ನಿಶ್ಚಿಂತೆ ಎಂದಳು ಸಿಸ್ಟರ್. ಭಯ ಹೋಗಲಿಲ್ಲ. ಆದರೆ ಭಯ ಈಗ ಎಲ್ಲರ ಮಧ್ಯೆ ಇತ್ತು, ಅವಳೊಬ್ಬಳ ಮುಷ್ಟಿಯಲ್ಲಿರಲಿಲ್ಲ.

ಹೇಳಿಕೊಂಡವರ ಮಾತುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಸಿಸ್ಟರಿಗೆ ಒಂದು ವಿಷಯ ಹೊಳೆಯಿತು. ಚುಚ್ಚಿದ ಸೂಜಿಗಳಲ್ಲಿ ಹೆಚ್ಚಿನವು ಡ್ರೆಸ್ಸಿಂಗ್ ರೂಮುಗಳ ಚೀಲದಿಂದ ಬಂದವು. ಹೋಗಿ ನೋಡಿದರೆ ಸೂಜಿ ಡಬ್ಬವನ್ನು ಬಾಗಿಲ ಹಿಂದೆ ಹೊಡೆದಿದ್ದಾರೆ! ಬಾಗಿಲು ತೆಗೆದಿಟ್ಟರೆ ಡಬ್ಬವೇ ಕಾಣುವುದಿಲ್ಲ. ಅದನ್ನು ಮೇಜಿನ ಪಕ್ಕಕ್ಕೆ ತಂದರು. ಇಷ್ಟು ಚಿಕ್ಕ ಕೆಲಸ ಸ್ವಾಮಿ. ಯಾರೂ ಬಾಯಿ ಬಿಡದೆ ಇದ್ದದ್ದಕ್ಕೆ ಯಾರಿಗೂ ಗೊತ್ತಾಗಿರಲಿಲ್ಲ.

ಕುರ್ಚಿ ಏನಾಯಿತು ಎನ್ನುತ್ತೀರಾ? ಸಿಸ್ಟರ್ ಅದನ್ನು ತನ್ನ ಕೋಣೆಯ ಬಾಗಿಲಲ್ಲಿ ಹಾಕಿಸಿದಳು. ಪೆಟ್ಟಾಯಿತು ಎಂದು ಬಂದು ಹೇಳಿದವರು ಕೂರಬೇಕು. ಪೆಟ್ಟು ಸ್ವಲ್ಪದರಲ್ಲಿ ತಪ್ಪಿತು ಎಂದು ಹೇಳಿದವರೂ ಕೂರಬಹುದು. ಒಂದು ಕಪ್ ಟೀ ಮುಗಿಯುವವರೆಗೆ ಕಾಲು ಚಾಚಿ ಕೂತರೆ ಯಾರೂ ಎಬ್ಬಿಸುವ ಹಾಗಿಲ್ಲ. ಅವತ್ತಿನಿಂದ ಹಿರಿಯಮ್ಮನ ಕಣ್ಣು ಹದ್ದಿನ ಕಣ್ಣಾಯಿತು. ಡಬ್ಬದ ಮುಚ್ಚಳ ಸಡಿಲ, ಮೆಟ್ಟಿಲ ಹತ್ತಿರ ನೀರು ತೊಟ್ಟಿಕ್ಕುತ್ತಿದೆ, ಗಾಡಿಯ ಚಕ್ರ ಅಲ್ಲಾಡುತ್ತಿದೆ ಎಂದು ದಿನಕ್ಕೊಂದಾದರೂ ಹಿಡಿದು ತರುತ್ತಾಳೆ. ಹೇಳಿ, ಹಿಡಿ ಎಳೆದು, ಕಾಲು ಮೇಲೆತ್ತಿಕೊಂಡು, "ಅಮ್ಮಯ್ಯಾ" ಎಂದು ಕಣ್ಣು ಮುಚ್ಚುತ್ತಾಳೆ. ಇದುವರೆಗೆ ಅವಳು ಹೇಳಿದ್ದು ಒಂದೂ ಸುಳ್ಳಲ್ಲ.

ಮನೆಯಲ್ಲಿ ಆ ತಿಂಗಳು ಮಾತ್ರೆ ಅವಳ ಹೊಟ್ಟೆ ತೊಳೆಸುತ್ತಿತ್ತು. ಮೇಲಿನ ಅಡುಗೆಯನ್ನೂ ನಾನೇ ಮಾಡಿದೆ. "ಉಪ್ಪು ಜಾಸ್ತಿ" ಎನ್ನುತ್ತಿದ್ದಳು. "ತಿನ್ನು, ಇಲ್ಲಾಂದ್ರೆ ಬಾಯಿಗೆ ತುರುಕ್ತೀನಿ" ಎನ್ನುತ್ತಿದ್ದೆ. ಮಾತಾಡುತ್ತಿದ್ದೆವು, ಆದರೆ ಅವಳು 'ಅಕ್ಕ' ಎನ್ನುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಕೇಳಿ ಪಡೆಯುವುದಾದರೆ ಅದೆಂಥ 'ಅಕ್ಕ'?

ಹೀಗಿರುವಾಗ ಒಂದು ಸಂಜೆ ನಮ್ಮ ಮನೆಯವರು ಹಳೆಯ ಬೂಟೊಂದನ್ನು ಹಿಡಿದುಕೊಂಡು ನನ್ನೆದುರು ಬಂದು ನಿಂತರು. ಮುಖ ಪರೀಕ್ಷೆಯಲ್ಲಿ ಫೇಲಾದವರದ್ದು.

"ಒಂದು ವಿಷ್ಯ ಹೇಳ್ಬೇಕು. ಬೈಬಾರ್ದು."

"ಹೇಳಿ, ಆಮೇಲೆ ಯೋಚ್ನೆ ಮಾಡ್ತೀನಿ."

"ಆ ಸೂಜಿ ಮುರಿದಿದ್ದು ನಾನೇ. ಬೂಟು ಕಿತ್ತೋಗಿತ್ತು, ಒಂದು ಹೊಲಿಗೆ ಹಾಕೋಣ ಅಂತ ಯಂತ್ರಕ್ಕಿಟ್ಟೆ."

ಬೂಟು ಕಿತ್ತುಕೊಂಡು ನೋಡಿದೆ. ಬೂಟಿನ ಅಟ್ಟೆಯಲ್ಲಿ ಸೂಜಿಯ ಉಳಿದರ್ಧ ಇನ್ನೂ ಸಿಕ್ಕಿಕೊಂಡೇ ಇತ್ತು.

"ಇಷ್ಟು ತಿಂಗಳು ಯಾಕ್ರೀ ಹೇಳ್ಲಿಲ್ಲ? ಮನೆ ಎರಡು ಪಾಲಾಗೋದು ಬಾಕಿ ಇತ್ತಲ್ರೀ!"

"ಹೇಳಿದ್ರೆ ನಿನ್ನ ಹಲಗೆ ಕೆಂಪಾಗ್ತಿತ್ತಲ್ಲೇ" ಎಂದರು ಮೆಲ್ಲಗೆ.

ಬೈಯಲು ಬಾಯಿ ತೆರೆದೆ. ನಗು ಬಂತು. ಬೂಟು ಹಿಡಿದುಕೊಂಡು ಮೆಟ್ಟಿಲು ಹತ್ತಿ ಅವಳ ಮುಂದೆ ಇಟ್ಟೆ. ಅವಳು ಬೂಟನ್ನು ತಿರುಗಿಸಿ ನೋಡಿದಳು, ಸೂಜಿ ನೋಡಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ತಪ್ಪಾಯಿತು ಎಂದೆ. ಜೋರಾಗಿಯೇ ಎಂದೆ, ಬೀದಿಯ ಕೊನೇ ಮನೆಯವರಿಗೂ ಕೇಳಲಿ ಎಂದು. ನ್ಯಾಯ ಎಂದರೆ ನ್ಯಾಯ. ಮೊದಲೇ ಹೇಳಿದ್ದೆನಲ್ಲ, ಬೇಕಾದರೆ ಮಾತು ಬದಲಾಯಿಸುತ್ತೇನೆ ಎಂದು.

ಕೊನೆಯ ಪರೀಕ್ಷೆಯ ಫಲ ಬರುವ ದಿನ ನಾನು ನೆಲ ಒರೆಸಿದ್ದನ್ನೇ ಒರೆಸುತ್ತಿದ್ದೆ. ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಲಿಫ್ಟಣ್ಣ, ಪಕ್ಕದಲ್ಲಿ ಅವಳು. ಮುಖದಲ್ಲಿ ಏನೂ ಇಲ್ಲ. ಅವಳು ನನ್ನನ್ನು ನೋಡದೆ ಅವನ ಕಡೆ ತಿರುಗಿದಳು.

"ಲಿಫ್ಟಣ್ಣ, ಕೆಲವರಿಗೆ ಹೇಳು, ರಕ್ತದಲ್ಲಿ ಏನೂ ಇಲ್ವಂತೆ. ಸಂಪೂರ್ಣ ಶುದ್ಧ ಅಂತೆ. ಇನ್ನು ಬರೋ ಅಗತ್ಯ ಇಲ್ಲ ಅಂದ್ರು ಸಿಸ್ಟರ್."

"ಹೇಳ್ದೆ ಅಂತ ಇಟ್ಕೊಳ್ರಮ್ಮಾ" ಎಂದ ಅವನು, ಬಾಯಿ ಕಿವಿಯವರೆಗೆ ಹಿಗ್ಗಿಸಿ.

ನಾನು ಮಾಪ್ ಬಿಸಾಕಿದೆ. "ಮುಂಡೇದೇ, ಜೀವ ಹೋಗಿತ್ತು ನಂದು! ಇದಾ ಹೇಳೋ ರೀತಿ?" ಎಂದು ಬೆನ್ನಿಗೆ ಗುದ್ದಿದೆ, ಗುದ್ದಿ ತಬ್ಬಿಕೊಂಡೆ. ಇಬ್ಬರೂ ಅತ್ತೆವು, ಇಬ್ಬರೂ ನಕ್ಕೆವು, ಲಿಫ್ಟು ಬಾಗಿಲು ಮುಚ್ಚಲಾಗದೆ ಕುಂಯ್‌ಗುಡುತ್ತಿತ್ತು.

ಈಗ ಅವಳ ಹೆಸರು ಬದಲಾಗಿದೆ. ಚೀಲ ಮುಕ್ಕಾಲು ತುಂಬಿದರೆ ಕಟ್ಟುತ್ತಾಳೆ, ದಪ್ಪ ಗ್ಲೌಸ್ ಹಾಕುತ್ತಾಳೆ, ಕುತ್ತಿಗೆ ಹಿಡಿದು ದೂರಕ್ಕೆ ಎತ್ತುತ್ತಾಳೆ. ಎಲ್ಲರ ಹಾಗೆ ಎರಡು ಮೂರು ಸಲ ಇಳಿಯುತ್ತಾಳೆ. ಜನ 'ಮುಕ್ಕಾಲಮ್ಮ' ಎನ್ನುತ್ತಾರೆ. ಬೇಜಾರಿಲ್ಲ ಅವಳಿಗೆ. ಹೊಸಬರು ಯಾರಾದರೂ ಚೀಲ ಒತ್ತುವುದು ಕಂಡರೆ ಅವಳು ಕಿರುಚುವುದು ನಾಲ್ಕೂ ಮಹಡಿಗೆ ಕೇಳುತ್ತದೆ. ಯಾರಿಂದ ಕಲಿತಳು ಎಂದು ಬೇರೆ ಹೇಳಬೇಕಿಲ್ಲ.

ಪರೀಕ್ಷೆಯ ಫಲ ಬಂದ ದಿನವೇ ಸಂಜೆ ಅವಳು ಮೆಟ್ಟಿಲಿಳಿದು ಬಂದಳು. ಮಗಳಿಗೆ ಶಾಲೆಯ ಅಂಗಿ ಹೊಲಿಯಬೇಕಂತೆ. ಯಂತ್ರದ ಮುಂದೆ ನಿಂತಳು. ಹೊಸ ಸೂಜಿ ಹಾಕಿಸಿದ್ದೆ, ದೀಪದ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು.

"ತಗೊಂಡು ಹೋಗ್ಲಾ?" ಎಂದಳು.

"ತಗೊಂಡು ಹೋಗು."

ಎತ್ತಿಕೊಂಡಳು. ಬಾಗಿಲವರೆಗೆ ಹೋಗಿ ನಿಂತು, ತಿರುಗಿ ನೋಡಿದಳು.

"ಸೂಜಿ ಮುರಿದ್ರೆ?"

"ಮುರಿದ್ರೆ ಬಂದು ಹೇಳು, ಅಷ್ಟೇ. ಇನ್ನೊಂದು ಹಾಕಿದ್ರಾಯ್ತು."

"ಹೇಳ್ತೀನಿ ಅಕ್ಕಾ" ಎಂದಳು.